ಅರ್ಧ ಎಲ್ಲಿ ಹೋತ್ರಿ?

ಹಾವಿಗೆ ಹೆದರುವವರಿದ್ದಾರೆ, ಅತ್ತೆಗೆ ಹೆದರುವವರಿದ್ದಾರೆ. ನಾನು ಹೆದರುವುದು ತಪ್ಪು ತೋರಿಸುವವರಿಗೆ. ಹಿರೇಕೆರೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು ಹೀಗೆ ಹೇಳಿಕೊಳ್ಳಬಾರದು, ಆದರೆ ಸತ್ಯ ಅದು. ಹೆಚ್ಚು ಜನ ಹೆಸರೂ ಕೇಳದ ಒಂದು ಪ್ರೋಗ್ರಾಮಿಂಗ್ ಭಾಷೆ ನನಗೆ ಬಲು ಇಷ್ಟವಾಗಿ, ಊರಿಗೆಲ್ಲ ಅದನ್ನು ಕಲಿಸಿಯೇ ಬಿಡುತ್ತೇನೆಂದು ಕನ್ನಡದಲ್ಲಿ ಪಾಠ ಬರೆದು ಅಂತರ್ಜಾಲದಲ್ಲಿ ಹಾಕತೊಡಗಿದೆ. "ಸೂಪರ್ ಮೇಡಂ" ಎಂದು ಬರೆದವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು. ಅವರ್ಯಾರೂ ಪಾಠ ಓದಿಲ್ಲವೆಂದು ಗೊತ್ತಿದ್ದರೂ ಖುಷಿಯಾಗುತ್ತಿತ್ತು.

ಹೀಗಿರುವಾಗ ಸವಣೂರಿನ ದಾದಾಪೀರ್ ಎಂಬವರು ಮೂರನೆಯ ಪಾಠದ ಕೆಳಗೆ ಬರೆದರು: "ಏಳನ್ನ ಎರಡರಿಂದ ಭಾಗಿಸಿದ್ರ ನಿಮ್ಮ ಭಾಷಾದಾಗ ಮೂರ ಬರ್ತೈತಿ. ಅರ್ಧ ಎಲ್ಲಿ ಹೋತ್ರಿ?" ಆ ಭಾಷೆಯಲ್ಲಿ ಅರ್ಧ ಉಳಿಯಬೇಕಾದರೆ ಏಳರ ಬದಲು 7.0 ಎಂದು ಬರೆಯಬೇಕು. ಅದನ್ನು ಪಾಠದಲ್ಲಿ ಹೇಳಲು ನಾನೇ ಮರೆತಿದ್ದೆ. ಮರೆತೆನೆಂದು ಒಪ್ಪಿಕೊಳ್ಳುವ ಬದಲು ಅವರ ಮಾತನ್ನೇ ಅಳಿಸಿದೆ. ಮತ್ತೆ ಬರೆದರು, ಮತ್ತೆ ಅಳಿಸಿದೆ. "ಹೊಗಳಿದ್ರ ಅವ್ವಗೂ ಓದಿ ಹೇಳ್ತಿ, ತಪ್ಪು ಹೇಳಿದ್ರ ಅಳಸ್ತಿ. ಚಲೋ ಐತಿ ನಿನ್ನ ಮಾಸ್ತರಕಿ" ಅಂದರು ನನ್ನ ಯಜಮಾನರು.

ಅಷ್ಟರಲ್ಲಿ ಹಾನಗಲ್ಲಿನ ಕಾಲೇಜೊಂದರವರು ಈ ಭಾಷೆಯ ಬಗ್ಗೆ ಮಾತಾಡಲು ಕರೆದರು. ಆ ಸುದ್ದಿ ಹಾಕಿದ್ದೇ ತಡ, ದಾದಾಪೀರ್ ಬರೆದರು: "ನಾನೂ ಬರ್ತೇನ್ರಿ. ಭೆಟ್ಟಿ ಆಗೂಣು." ಇದನ್ನು ಅಳಿಸುವ ಧೈರ್ಯವೂ ಉಳಿದಿರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಲೆಂದು ಬೇಡಿಕೊಂಡೆ. ಅದು ಹತ್ತು ನಿಮಿಷ ಮೊದಲೇ ಮುಟ್ಟಿತು.

ಮುಂದಿನ ಸಾಲಿನಲ್ಲಿ, ಬೆರಳುಗಳಿಗೆಲ್ಲ ಕಪ್ಪು ಗ್ರೀಸು ಹತ್ತಿದ ಹಿರಿಯರೊಬ್ಬರು ಕೂತಿದ್ದರು. ಗೋಡೆ ನೋಡುತ್ತಲೇ ಮಾತು ಮುಗಿಸಿದೆ. ಅವರು ಎದ್ದು ನಿಂತರು.

"ನಾನು ದಾದಾಪೀರ್ರಿ, ಮೋಟರ್ ವೈಂಡಿಂಗ್ ಮಾಡಾಂವ. ತಂತಿ ಎಷ್ಟ ಸುತ್ತು ಸುತ್ತಬೇಕು ಅನ್ನೂ ಲೆಕ್ಕಾನ ನಿಮ್ಮ ಪಾಠ ನೋಡಿ ಆ ಭಾಷಾದಾಗ ಬರದ್ನಿ. ಅರ್ಧ ಬಿಟ್ಟು ಹೋಗಿ ಸುತ್ತು ಕಡಿಮಿ ಬಿದ್ದು ಮೋಟರ್ ಸುಟ್ಟು ಹೋತು. ಸುತ್ತುವಾಗನ ನನಗ ಅನುಮಾನ ಬಂದಿತ್ತು. ಆದ್ರ ಮೇಡಂ ಬರದಾರ, ಸರಿ ಇರತೈತಿ ಅಂದ್ಕೊಂಡ್ನಿ."

ಬೈಗುಳಕ್ಕಾಗಿ ಕಾದೆ.

"ಮತ್ತೊಬ್ಬರದು ಸುಡಬಾರದು ಅಂತ ಬರದ್ನಿ. ಬರದದ್ದೆಲ್ಲಾ ಅಳಿಸಿ ಹೋಗತಿತ್ತು. ನನ್ನ ಫೋನಿನ ದೋಷ ಇರಬೇಕು."

ಹೌದು, ಅದೇ ಇರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಬೆರಳುಗಳನ್ನು ನೋಡಿದೆ. "ಫೋನಿನ ದೋಷ ಅಲ್ರಿ. ನಾನ ಅಳಿಸೇನಿ, ಹೆದರಿ" ಅಂದೆ.

"ಯಾರಿಗೆ, ನನಗ್ರಿ?" ಅವರಿಗೆ ನಿಜಕ್ಕೂ ಅಚ್ಚರಿಯಾಗಿತ್ತು. "ನಮ್ಮ ಮನ್ಯಾಗ ಬೆಕ್ಕೂ ನನಗ ಹೆದರಂಗಿಲ್ರಿ."

ಎಲ್ಲರೂ ನಕ್ಕರು. ನಾನು ಬೋರ್ಡಿನ ಮೇಲೆ 7.0 ಬರೆದು, ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವರು ಅದನ್ನು ಜೇಬಿನ ಡೈರಿಯಲ್ಲಿ ಬರೆದುಕೊಂಡರು.

ಈಗ ವಾರಕ್ಕೊಮ್ಮೆ ನನ್ನ ಪಾಠದಲ್ಲಿ ಒಂದಾದರೂ ತಪ್ಪು ಹುಡುಕಿ ಕಳಿಸುತ್ತಾರೆ. ಓದುವ ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ, ಹೆದರಿಕೆಯೇನೂ ಹೋಗಿಲ್ಲ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ಸೇರಿ ಆ ಭಾಷೆ ಬಲ್ಲವರು ನಾವಿಬ್ಬರೇ. ಚೆನ್ನಾಗಿ ಬಲ್ಲವರು ಮಾತ್ರ ಸವಣೂರಿನಲ್ಲಿದ್ದಾರೆ.