ಎರಡು ನೂಲು ಕಮ್ಮಿ

ಗೋಂದಣ್ಣ ಆ ಶನಿವಾರ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಒಂದೇ ಪದದ್ದು. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ ಹಿರಿಯರು. ಇರಬಹುದು. ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ಅದಕ್ಕೆ ಕಾಲು ಯಾಕೆ ಬೇಕು, ಸಿಸ್ಟರ್ ಇದ್ದರಲ್ಲ.

ಜೇನು ಹೆಪ್ಪುಗಟ್ಟಿತ್ತು. ಕರಗಲಿ ಎಂದು ಗೋಂದಣ್ಣ ಬಾಟಲಿಯನ್ನು ಬೆಳಗಿನ ಎಳೆಬಿಸಿಲು ಬೀಳುವ ಮೆಟ್ಟಿಲ ಕಟ್ಟೆಯ ಮೇಲಿಟ್ಟ. ಪಕ್ಕದಲ್ಲಿ ತೊಳೆದ ನಾಲ್ಕು ನಿಂಬೆಹಣ್ಣು. ಹಾಲು ತರಲು ಮೇಲ್ಮನೆಯಿಂದ ಇಳಿದು ಬಂದ ಸಿಸ್ಟರ್ ಅವೆರಡನ್ನೂ ನೋಡಿ ನಿಂತರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಈಗ ಈ ಮನೆಯ ಒಡತಿ. ಮನೆ ಬಾಡಿಗೆಗೆ ಕೊಡುವಾಗ ಅವರು ಹಾಕಿದ್ದು ಒಂದೇ ಕಟ್ಟಳೆ: ಈ ಛಾವಣಿಯ ಕೆಳಗೆ ಮದ್ಯ ಬರಕೂಡದು.

"ಜೇನು, ನಿಂಬೆ. ಏನು, ಕೆಮ್ಮಾ?"

"ಹೌದು," ಅಂದ ಗೋಂದಣ್ಣ.

"ಎಲ್ಲಿ, ಕೆಮ್ಮಿ."

ಕೆಮ್ಮಿದ. ಮೇಕೆಮರಿ ನಾಚಿಕೊಂಡ ಹಾಗಿತ್ತು.

"ಒಣಕೆಮ್ಮು. ಕಫ ಒಳಗೇ ಕೂತಿದೆ. ಒಳಗೆ ನಡೀರಿ."

ನಿಜವಾದ ಸಂಗತಿ ಬೇರೆ. ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವುದು ಗೋಂದಣ್ಣನ ಕಸುಬು. ಬೆರಳಲ್ಲಿ ಸದಾ ಗೋಂದು ಅಂಟಿರುತ್ತಿದ್ದರಿಂದ ಹುಡುಗತನದಲ್ಲೇ ಆ ಹೆಸರು ಅಂಟಿತು. ಆ ಕಾಲದಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದವನು ಭೂಮಾಪನದವನು. ಹೆಗಲ ಮೇಲೆ ಅಳತೆಯ ಸರಪಳಿ ಹೊತ್ತು ಊರೂರು ಅಲೆಯುತ್ತಿದ್ದ ಅವನನ್ನು ಎಲ್ಲರೂ ಸರಪಳಿ ಎಂದೇ ಕರೆದರು. ಒಬ್ಬ ಅಂಟಿಸುವವನು, ಇನ್ನೊಬ್ಬ ಕಟ್ಟಿಹಾಕುವವನು. ಇವರಿಬ್ಬರು ಬೇರೆಯಾಗುವುದುಂಟೆ ಎಂದು ಓಣಿಯೇ ಅಂದುಕೊಂಡಿತ್ತು.

ಕೋಣೆಯ ಮಾಲೀಕ ಹಡಗಿನಲ್ಲಿ ಅಡುಗೆ ಮಾಡಿ ಮುದುಕನಾದವನು. ತಂಗಿಯ ಮನೆ ಸೇರಲು ಹೊರಟಾಗ ಸರಪಳಿಯ ಕೈಗೆ ಒಂದು ಬರ್ಬನ್ ವಿಸ್ಕಿ ಬಾಟಲಿ ಕೊಟ್ಟು, ಅದರ ಪಾನಕ ಮಾಡುವ ಕ್ರಮವನ್ನೂ ಹೇಳಿಕೊಟ್ಟು ಹೋದ. ಮೊದಲು ಜೇನನ್ನು ಬಿಸಿನೀರಲ್ಲಿ ಕರಗಿಸಬೇಕು. ತಣ್ಣೀರಿಗೆ ಹಾಕಿದ ಜೇನು ಮುನಿಸಿಕೊಂಡ ಅಳಿಯನ ಹಾಗೆ ತಳ ಹಿಡಿದು ಕೂತುಬಿಡುತ್ತದೆ, ಯಾರು ಕರೆದರೂ ಮೇಲೇಳುವುದಿಲ್ಲ. ಆಮೇಲೆ ನಿಂಬೆ, ಆಮೇಲೆ ಬರ್ಬನ್, ಮೇಲೆ ಮಂಜುಗಡ್ಡೆ. ಮುಚ್ಚಳ ಬಿಗಿದು ಕೈ ಮರಗಟ್ಟುವ ತನಕ ಕುಲುಕಬೇಕು.

ಎರಡು ವರ್ಷ, ಪ್ರತಿ ಶನಿವಾರ ಸಂಜೆ, ಸರಪಳಿ ಅದನ್ನು ಮಾಡಿ ಎರಡು ಲೋಟಕ್ಕೆ ಅಳೆದು ಸುರಿಯುತ್ತಿದ್ದ. ಕಿಟಕಿಯಲ್ಲಿ ಕಾಲು ಇಳಿಬಿಟ್ಟು ಇಬ್ಬರೂ ಕೂರುತ್ತಿದ್ದರು. ಮೊದಲು ಒಗರು, ನಡುವೆ ಸಿಹಿ, ಕೊನೆಗೆ ನಿಂಬೆಯ ಚುರುಕು. ಎರಡನೇ ಗುಟುಕಿಗೆ ಗೋಂದಣ್ಣನಿಗೆ ಹಾಡು ಬರುತ್ತಿತ್ತು, ನಾಲ್ಕನೆಯದಕ್ಕೆ ತೀರಿಕೊಂಡ ಅವ್ವನ ನೆನಪಾಗಿ ಅಳು ಬರುತ್ತಿತ್ತು. ಎರಡು ವರ್ಷವಾದರೂ ಆ ಒಂದು ಬಾಟಲಿ ಮುಗಿದಿರಲಿಲ್ಲ. ಸರಪಳಿಯ ಕೈಹಿಡಿತ ಅಂಥದ್ದು ಎಂದು ಗೋಂದಣ್ಣ ಪ್ರೆಸ್ಸಿನಲ್ಲೆಲ್ಲ ಹೊಗಳಿದ್ದ. ಇದರಲ್ಲಿ ದೇವರ ಕೈಯೂ ಇರಬಹುದು ಎಂದು ಒಳಗೊಳಗೇ ನಂಬಿದ್ದ.

ಆಮೇಲೊಂದು ಶನಿವಾರ, ಯಾವ ಗಳಿಗೆಯೋ ಏನೋ, ತನ್ನ ಲೋಟದಲ್ಲಿ ಕಡಿಮೆ ಇದೆ ಅನ್ನಿಸಿತು. ರಟ್ಟು ಅಳೆಯುವ ಉಕ್ಕಿನ ಪಟ್ಟಿ ತಂದು ಎರಡೂ ಲೋಟಕ್ಕೆ ಹಿಡಿದ. ಕಸುಬಿನವರು ಅಂಗುಲದ ಎಂಟನೇ ಒಂದು ಭಾಗಕ್ಕೆ ನೂಲು ಅನ್ನುತ್ತಾರೆ.

"ಎರಡು ನೂಲು ಕಮ್ಮಿ ಇದೆಯಲ್ಲೋ. ಇದೇನಾ ನಿನ್ನ ಅಳತೆ?"

ಊರಿನ ಗಡಿಗಳನ್ನೇ ಅಳೆದು ಕೊಟ್ಟವನಿಗೆ ಆಡುವ ಮಾತೇ ಅದು? ಸರಪಳಿ ಲೋಟ ಕೆಳಗಿಟ್ಟ. ಮರುದಿನ ಬೆಳಗ್ಗೆ ಟ್ರಂಕು ಎತ್ತಿಕೊಂಡು ಹೋದ. ಇಪ್ಪತ್ತಾರು ವರ್ಷವಾಯಿತು.

ಹೋದ ವಾರ ಒಂದು ಕಾಗದ ಬಂತು. "ಮಗಳ ಮನೆಗೆ ಹೋಗುವ ದಾರಿಯಲ್ಲಿ ರೈಲು ಬದಲಿಸಬೇಕು. ಶನಿವಾರ ಐದರಿಂದ ಏಳರವರೆಗೆ ನಿನ್ನ ಊರಲ್ಲಿರುತ್ತೇನೆ. ಸಿಟ್ಟು ಇಳಿದಿದ್ದರೆ ನಮ್ಮ ಶನಿವಾರದ್ದನ್ನು ಮಾಡಿಡು. ಇಳಿಯದಿದ್ದರೆ ಬಾಗಿಲು ತೆಗೆಯಬೇಡ."

ಗೋಂದಣ್ಣ ಕಾಗದವನ್ನು ಹನ್ನೊಂದು ಸಲ ಓದಿದ. ಮಾತಿನಲ್ಲಿ ಕ್ಷಮೆ ಕೇಳುವುದು ಅವನಿಂದ ಆಗುವ ಕೆಲಸವಲ್ಲ. ಲೋಟದಲ್ಲಿ ಕೇಳಬೇಕು, ಅದೂ ಅದೇ ರುಚಿಯಲ್ಲಿ. ಪೇಟೆ ಸುತ್ತಿ ಬರ್ಬನ್ ತಂದು, ವಾರ್ನಿಷ್ ಬಾಟಲಿಗಳ ಸಾಲಿನಲ್ಲಿ ನಿಲ್ಲಿಸಿದ. ಕಂದು ಬಾಟಲಿಗಳ ನಡುವೆ ಅದೂ ಒಂದು ಕಂದು ಬಾಟಲಿ.

ಇಷ್ಟೆಲ್ಲ ಸಿದ್ಧತೆಯ ಮೇಲೆ ಈಗ ಕೆಮ್ಮು ಬಂದು ಕೂತಿತ್ತು.

ಒಂಬತ್ತಕ್ಕೆ ಪ್ರೆಸ್ಸಿಗೆ ಹೋದರೆ ಮಾಲೀಕ ಬಾಗಿಲಲ್ಲೇ ತಡೆದ. "ಸಿಸ್ಟರ್ ಫೋನ್ ಮಾಡಿದ್ರು. ಇವತ್ತು ನಿಘಂಟು ಹೊಲಿಯೋದಿದೆ. ನೀನು ಒಂದು ಸಲ ಕೆಮ್ಮಿದ್ರೆ ಹಾಳೆ ಹಾರಿ ಅಕ್ಷರಮಾಲೆಯೇ ಅದಲುಬದಲಾಗುತ್ತೆ. ಮನೆಗೆ ಹೋಗು."

ಮನೆಗೆ ಬಂದರೆ ಸಿಸ್ಟರ್ ಕಳಿಸಿದ ಪಕ್ಕದ ಮನೆಯ ದರ್ಜಿ ಟೇಪು ಹಿಡಿದು ಕಾದಿದ್ದ. ಎದೆಗೆ ಸುತ್ತಿ ಅಳೆದು, ತನ್ನ ಹಳೆಯ ಪುಸ್ತಕ ತೆರೆದು ನೋಡಿ, ತಲೆ ಆಡಿಸಿದ.

"ಹೋದ ವರ್ಷ ಅಂಗಿ ಹೊಲಿದಾಗ ಮೂವತ್ತೆಂಟು. ಈಗ ಮೂವತ್ತೇಳು. ಕೆಮ್ಮು ನಿನ್ನನ್ನ ಒಂದು ಅಂಗುಲ ತಿಂದಿದೆ ಅಣ್ಣ."

"ಅದು ವಯಸ್ಸು ಕಣೋ."

"ಎಲ್ಲ ರೋಗಿಗಳೂ ಹಾಗೇ ಅನ್ನೋದು."

ದರ್ಜಿ ಎದೆಗೆ ದಪ್ಪ ಫ್ಲಾನೆಲ್ ಬಟ್ಟೆ ಸುತ್ತಿ ಬೆನ್ನಿಗೆ ಹೊಲಿಗೆ ಹಾಕಿಯೇಬಿಟ್ಟ, ಬಿಚ್ಚಲು ಬಾರದ ಹಾಗೆ. ಆಮೇಲೆ ಒಂದು ಕೊಡ ನೀರು ಕುದಿಸಿ, ಅದಕ್ಕೆ ಒಂದು ನಿಂಬೆ ಹಿಂಡಿ, ಕಂಬಳಿ ಮುಚ್ಚಿ ಆವಿ ಹಿಡಿಸಿದ. ಗೋಂದಣ್ಣ ಸಂಜೆಗೆಂದು ಮೂಲೆಯಲ್ಲಿ ಮರದ ಹೊಟ್ಟಿನೊಳಗೆ ಹುದುಗಿಸಿಟ್ಟಿದ್ದ ಮಂಜುಗಡ್ಡೆ ಆ ಆವಿಗೆ ಕರಗಿ, ಕೋಣೆ ದಾಟಿ, ಹೊಸ್ತಿಲು ದಾಟಿ, ಬೀದಿಗಿಳಿಯಿತು. ಕಂಬಳಿಯೊಳಗಿಂದ ಅವನಿಗೆ ಕಂಡದ್ದು ಅದರ ಬಾಲ ಮಾತ್ರ.

ಹೋಗುವಾಗ ದರ್ಜಿ ವಾರ್ನಿಷ್ ಸಾಲಿಗೆ ಮೂಗು ಚಾಚಿದ. "ಇದ್ಯಾವುದು ಅಣ್ಣ, ಘಮ ಚೆನ್ನಾಗಿದೆ. ನನ್ನ ಮಿಷನ್ನಿನ ಹಲಗೆಗೆ ಒಂದು ಲೋಟ ಕೊಡು." ಬೇಡವೆಂದರೆ ಯಾಕೆ ಎನ್ನುತ್ತಾನೆ. ಕೊಟ್ಟ. ಅರ್ಧ ಗಂಟೆಗೆ ದರ್ಜಿ ವಾಪಸು ಬಂದು, "ಹೊಳಪೇ ಬರಲಿಲ್ಲ, ಇರುವೆ ಬಂತು. ನಿನಗೆ ಯಾರೋ ಮೋಸ ಮಾಡಿದ್ದಾರೆ," ಅಂದ.

ಸಿಸ್ಟರ್ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಒಂದೊಂದು ಸಲ ಫ್ಲಾಸ್ಕ್ ಹಿಡಿದು ಬಂದರು. ಪ್ರತಿ ಸಲವೂ ಗೋಂದಣ್ಣನದೇ ಜೇನು, ಗೋಂದಣ್ಣನದೇ ಅರ್ಧ ನಿಂಬೆ. "ಬಿಸಿಬಿಸಿ ಕುಡೀರಿ" ಎಂದು ಮುಂದೆ ನಿಂತರೆ, ಅವನು "ಸ್ವಲ್ಪ ಆರಲಿ" ಎಂದು ತಡೆದು, ಅವರು ಬೆನ್ನು ತಿರುಗಿಸಿದ ಕೂಡಲೇ ಬಚ್ಚಲಿಗೆ ಸುರಿದ. ಮೂರೂ ಸಲ ಸುರಿದ, ಮೂಸಿಯೂ ನೋಡದೆ. ನಾಲಿಗೆಯನ್ನು ಸಂಜೆಗೆ ಮೀಸಲಿಟ್ಟಿದ್ದ. ಇಪ್ಪತ್ತಾರು ವರ್ಷ ಕಾದ ರುಚಿಗೆ ಬೇರೆ ರುಚಿ ಅಡ್ಡ ಬರಬಾರದಲ್ಲ.

ಐದು ಗಂಟೆಗೆ ಉಳಿದದ್ದು ಒಂದು ನಿಂಬೆ, ಬಾಟಲಿಯ ತಳದಲ್ಲಿ ಎರಡು ಚಮಚ ಜೇನು. ಮಂಜುಗಡ್ಡೆ ಇಲ್ಲ. ಬಾಗಿಲು ಮಾತ್ರ ಅವನು ನಾಲ್ಕೂವರೆಗೇ ತೆರೆದಿಟ್ಟಿದ್ದ.

ಸರಪಳಿ ಬಂದು ಹೊಸ್ತಿಲಲ್ಲಿ ನಿಂತ. ಕೂದಲು ಹೋಗಿತ್ತು, ನಿಲುವು ಹಾಗೇ ಇತ್ತು, ಅಳತೆಗೋಲು ನೆಟ್ಟ ಹಾಗೆ.

"ಬಾಗಿಲು ತೆಗೆದಿದೆ," ಅಂದ.

"ಹೂಂ. ಗಾಳಿಗೆ."

"ದಪ್ಪ ಆಗಿದ್ದೀಯ."

"ಫ್ಲಾನೆಲ್."

ಗೋಂದಣ್ಣ ಜೇನನ್ನು ಬಿಸಿನೀರಲ್ಲಿ ಕರಗಿಸಿದ. ನಿಂಬೆ ಹಿಂಡಿದ. ಬರ್ಬನ್ ಸುರಿದು ಗೋಂದಿನ ಹಳೆಯ ಗಾಜಿನ ಜಾಡಿಯಲ್ಲಿ ಮುಚ್ಚಳ ಬಿಗಿದು ಕುಲುಕಿದ. ಎರಡು ಲೋಟಕ್ಕೆ ಬಗ್ಗಿಸಿ, ಉಕ್ಕಿನ ಪಟ್ಟಿ ತೆಗೆದು, ಗೆಳೆಯನ ಕಣ್ಣೆದುರೇ ಅಳೆದ. ಸರಪಳಿಯ ಲೋಟಕ್ಕೆ ಎರಡು ನೂಲು ಹೆಚ್ಚು ಹಾಕಿ ಮುಂದೆ ತಳ್ಳಿದ. ಅವನು ಕೇಳಿದ ಕ್ಷಮೆ ಅಷ್ಟೇ. ಸರಪಳಿ ಅದನ್ನು ನೋಡಿದ, ಕಣ್ಣು ಒರೆಸಿಕೊಂಡ.

ಇಬ್ಬರೂ ಒಟ್ಟಿಗೆ ಒಂದು ಗುಟುಕು ಎಳೆದರು.

ಗೋಂದಣ್ಣನ ಗಂಟಲಲ್ಲಿ ಯಾರೋ ಒಲೆ ಹಚ್ಚಿದರು. ಕೆಮ್ಮು ಬಂತು, ಬೆಳಗಿನ ಮೇಕೆಮರಿಯಲ್ಲ, ಛಾವಣಿ ಎತ್ತುವಂಥ ಕೆಮ್ಮು. ಸರಪಳಿಯೂ ಕೆಮ್ಮುತ್ತ ಗೋಡೆ ಹಿಡಿದುಕೊಂಡು ನಿಂತ.

"ಆ ರುಚಿ ಅಲ್ಲ," ಗೋಂದಣ್ಣ ಉಸಿರು ಸಿಕ್ಕ ಮೇಲೆ ಅಂದ. ಅಳು ಬರುವ ಹಾಗಿತ್ತು. "ಎಲ್ಲೋ ಕೆಡಿಸಿಬಿಟ್ಟೆ ಕಣೋ. ಮಂಜುಗಡ್ಡೆ ಇರಲಿಲ್ಲ. ಜೇನು ಸಾಲಲಿಲ್ಲ. ಒಂದು ಸಲ ಸರಿಯಾಗಿ ಮಾಡಿ ಕೊಡಬೇಕು ಅಂತಿದ್ದೆ, ಅದೂ ಆಗಲಿಲ್ಲ."

ಸರಪಳಿ ಏನೋ ಹೇಳಲು ಬಾಯಿ ತೆರೆದ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಗೋಂದಣ್ಣ ಎರಡೂ ಲೋಟಗಳನ್ನು ಗೋಂದಿನ ಬಕೆಟ್ಟಿಗೆ ಸುರಿದು, ಮೇಲೊಂದು ರಟ್ಟು ಮುಚ್ಚಿದ.

"ಈಗ ಕೆಮ್ಮು ಸಡಿಲ ಆಗಿದೆ," ಎಂದು ಸಿಸ್ಟರ್ ಸಮಾಧಾನದಿಂದ ಒಳಬಂದರು. "ನನ್ನ ಫ್ಲಾಸ್ಕ್ ಕೆಲಸ ಮಾಡ್ತಿದೆ. ತಗೊಳ್ಳಿ, ಈ ಸಲ ನಾನು ಕುಡಿಸಿಯೇ ಹೋಗೋದು. ನೀವೂ ತಗೊಳ್ಳಿ, ನಿಮಗೂ ಅಂಟಿದ ಹಾಗಿದೆ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಗೋಂದಣ್ಣ ಕಣ್ಣು ಮುಚ್ಚಿ ಗುಟುಕರಿಸಿದ.

ಮೊದಲು ಒಗರು. ನಡುವೆ ಸಿಹಿ. ಕೊನೆಗೆ ನಿಂಬೆಯ ಚುರುಕು.

ಕಣ್ಣು ತೆರೆಯಲಿಲ್ಲ. ತೆರೆದರೆ ಆ ಕಿಟಕಿ ಹೋಗಿಬಿಡುತ್ತದೆ, ಇಳಿಬಿಟ್ಟ ನಾಲ್ಕು ಕಾಲುಗಳು ಹೋಗಿಬಿಡುತ್ತವೆ. ನಾಲ್ಕನೇ ಗುಟುಕಿಗೆ ಅವ್ವನ ನೆನಪಾಗಿ ಅವನ ಕೆನ್ನೆ ಒದ್ದೆಯಾಯಿತು.

"ಇದೇನು ಸಿಸ್ಟರ್ ಇದು?"

"ಏನಿಲ್ಲ, ಕಡುಚಹಾ. ಹಾಲು ಹಾಕಿಲ್ಲ. ನಿಮ್ಮ ಜೇನು, ನಿಂಬೆ. ಬೆಳಗ್ಗಿಂದ ಅದನ್ನೇ ತಾನೇ ಕುಡೀತಿರೋದು?" ಎಂದು ಸಿಸ್ಟರ್ ಫ್ಲಾಸ್ಕ್ ಅಲ್ಲೇ ಇಟ್ಟು ಹೊರಟರು.

ಗೋಂದಣ್ಣ ನಿಧಾನಕ್ಕೆ ಸರಪಳಿಯ ಕಡೆ ತಿರುಗಿದ. ಸರಪಳಿ ನೆಲ ನೋಡುತ್ತಿದ್ದ.

"ಮುದುಕ ಬಾಟಲಿ ಕೊಟ್ಟ ದಿನವೇ ನನ್ನ ಸರಪಳಿ ತಾಗಿ ಉರುಳಿತು ಮಾರಾಯ. ಬಿರಡೆ ಸಡಿಲ ಇತ್ತು. ಒಂದು ಹನಿ ಉಳೀಲಿಲ್ಲ. ನೀನು ಆಗಲೇ ಪ್ರೆಸ್ಸಿಗೆಲ್ಲ ಶನಿವಾರ ಶನಿವಾರ ಅಂತ ಸಾರಿಬಿಟ್ಟಿದ್ದೆ. ಹೇಗೆ ಹೇಳಲಿ? ಚಹಾ ಕಾಯಿಸಿ ಬಾಟಲಿಗೆ ತುಂಬಿಸಿಟ್ಟೆ. ಒಂದು ವಾರದ ಮಾತು ಅಂದುಕೊಂಡೆ. ನೀನು ಹಾಡಿಬಿಟ್ಟೆ."

"ಎರಡು ವರ್ಷ ನಾನು ಚಹಾ ಕುಡಿದು ಅತ್ತೆನಾ?"

"ನೀನು ಅಳೋದು ನೋಡಿ ನಾನೂ ಅತ್ತಿದ್ದೇನೆ."

"ಆ ಎರಡು ನೂಲು?"

"ಆ ವಾರ ನಿದ್ದೆ ಬರಲ್ಲ ಅಂತಿದ್ದೆ. ಚಹಾ ಹೆಚ್ಚಾಯ್ತೇನೋ ಅಂತ ಕಮ್ಮಿ ಹಾಕಿದೆ."

ಗೋಂದಣ್ಣ ಫ್ಲಾಸ್ಕಿನ ಕಡೆ ನೋಡಿದ. ಹೊರಗೆ ದರ್ಜಿಯ ಮಿಷನ್ನು ಓಡುತ್ತಿತ್ತು. ಮೂರು ಸಲ ಬಚ್ಚಲಿಗೆ ಸುರಿದದ್ದು ನೆನಪಾಗಿ ನಗು ಬಂತು. ಒಬ್ಬನ ನಗು ಇನ್ನೊಬ್ಬನಿಗೆ ಅಂಟಿ, ಫ್ಲಾನೆಲ್ಲಿನ ಹೊಲಿಗೆ ಬಿಡುವ ತನಕ ನಕ್ಕರು. ಫ್ಲಾಸ್ಕಿನಲ್ಲಿ ಉಳಿದದ್ದನ್ನು ಸರಪಳಿ ಎರಡು ಲೋಟಕ್ಕೆ ಸುರಿದ. ಗೋಂದಣ್ಣನ ಲೋಟದಲ್ಲಿ ಎರಡು ನೂಲು ಕಡಿಮೆಯೇ ಇತ್ತು. ಅವನ ಕಣ್ಣಿಗೆ ಅದು ಬಿತ್ತು. ಉಕ್ಕಿನ ಪಟ್ಟಿಯನ್ನು ತೆಗೆದು ಅದರ ಮೇಲೆ ಕೂತುಕೊಂಡ.

ಇನ್ನು ಪ್ರತಿ ಶನಿವಾರ ಇದನ್ನೇ ಮಾಡಿಕೊಳ್ಳುತ್ತೇನೆ ಎಂದು ಅವನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದ. ಶನಿವಾರವೇ ಯಾಕೆ, ದಿನಾ. ಮೂರು ಹೊತ್ತು ತಂದುಕೊಡುವ ಸಿಸ್ಟರ್ ಹೇಗೂ ಮೇಲ್ಮನೆಯಲ್ಲೇ ಇದ್ದಾರೆ.

ಏಳರ ರೈಲಿಗೆ ಸರಪಳಿ ಹೊರಟ. ಸಿಸ್ಟರ್ ಮೆಟ್ಟಿಲಲ್ಲೇ ಸಿಕ್ಕರು.

"ನೀವು ಹಳೇ ಸ್ನೇಹಿತರಂತೆ. ಇವರಿಗೆ ಈ ಕೆಮ್ಮು ಯಾವಾಗಿಂದ?"

ಗೆಳೆಯನ ಮಾನ ಕಾಯುವುದು ಸರಪಳಿಗೆ ಹಳೆಯ ಅಭ್ಯಾಸ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

"ಇಪ್ಪತ್ತೆಂಟು ವರ್ಷದಿಂದ ಸಿಸ್ಟರ್. ನಮ್ಮ ಕೋಣೆಯಲ್ಲಿ ಶನಿವಾರ ಶನಿವಾರ ಜೋರು."

ಸಿಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡರು. ನೇರ ಒಳಗೆ ಬಂದು, ಖಾಲಿ ಫ್ಲಾಸ್ಕನ್ನೂ ಜೇನಿನ ಬಾಟಲಿಯನ್ನೂ ಕಪಾಟಿನ ಚಹಾಪುಡಿಯ ಡಬ್ಬಿಯನ್ನೂ ಸೆರಗಿಗೆ ಹಾಕಿಕೊಂಡರು.

"ಇಪ್ಪತ್ತೆಂಟು ವರ್ಷದ್ದು ಅಂತ ಮೊದಲೇ ಹೇಳಬಾರದಾ? ಇಂಥದ್ದಕ್ಕೆ ಚಹಾನೇ ವಿಷ. ಸಿಹಿ, ಹುಳಿ ಎರಡೂ ಬಂದ್. ನಾಳೆ ಬೆಳಗ್ಗೆ ಆರರಿಂದ ಕಹಿ ಔಷಧ, ಒಂದು ವರ್ಷ. ತಪ್ಪಿಸಿಕೊಳ್ಳೋ ಹಾಗಿಲ್ಲ, ದರ್ಜಿ ಪಕ್ಕದಲ್ಲೇ ನಿಂತಿರ್ತಾನೆ."

ಗೋಂದಣ್ಣ ಬಾಗಿಲಲ್ಲಿ ನಿಂತು ಬೀದಿಯ ತಿರುವು ನೋಡಿದ. ಸರಪಳಿ ಅಲ್ಲಿಂದ ತಿರುಗಿ ಕೈಬೀಸುತ್ತಿದ್ದ, ತಾನು ಮಾಡಿದ ಉಪಕಾರಕ್ಕೆ ತಾನೇ ಬೀಗುತ್ತ.