ಮೊದಲನೇ ಆಯ್ಕೆ ವುಡ್‌ವರ್ಕ್

ಯೋಜನೆ ಹಾಕುವುದು ಕೆಲವರಿಗೆ ಕೆಲಸ, ಕೆಲವರಿಗೆ ಕಾಯಿಲೆ. ನನಗೆ ಎರಡೂ. ಡಬ್ಲಿನ್ನಿನ ಕ್ಲಾಂಡಾಲ್ಕಿನ್ನಿನಲ್ಲಿ ಔಷಧ ಪ್ಯಾಕ್ ಮಾಡುವ ಕಂಪನಿಯೊಂದರಲ್ಲಿ ನಾನು ಪ್ಲಾನರ್. ಯಾವ ಮಾತ್ರೆ ಯಾವ ವಾರ ಯಾವ ಡಬ್ಬಿಗೆ ಹೋಗಬೇಕು ಎಂದು ಮೊದಲೇ ನಿರ್ಧರಿಸುವುದು ನನ್ನ ಉದ್ಯೋಗ. ಮನೆಗೆ ಬಂದ ಮೇಲೂ ತಲೆ ಸುಮ್ಮನಿರುವುದಿಲ್ಲ. ಭಾನುವಾರದ ದೋಸೆಗೆ ಗುರುವಾರವೇ ಯೋಚನೆ ಶುರುವಾಗುತ್ತದೆ. ಊರಿಗೆ ಹೋಗುವ ಸೂಟ್‌ಕೇಸು ಟಿಕೆಟ್ ತೆಗೆಯುವ ಮೊದಲೇ ಅರ್ಧ ತುಂಬಿರುತ್ತದೆ. ನಮ್ಮವರು ಕುಂದಾಪುರದ ಕಡೆಯವರು, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ಬಲು ತಣ್ಣನೆಯ ಮನುಷ್ಯ. "ನಾಳೇದು ನಾಳೆ ನೋಡಣ ಬಿಡು" ಎನ್ನುವುದು ಅವರ ಜೀವನದ ಒಟ್ಟು ಯೋಜನೆ. ಇಂಥವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನಗೊಂದು ಸನ್ಮಾನ ಆಗಬೇಕಿತ್ತು, ಶಾಲು ಕೂಡ ನಾನೇ ಆರಿಸಿ ಇಟ್ಟಿದ್ದೆ.

ಹೀಗಿರುವಾಗ ನಮ್ಮ ಮಗಳು ಅನಘ ಪ್ರೈಮರಿ ಮುಗಿಸಿ ಸೆಕೆಂಡರಿ ಶಾಲೆಗೆ ಹೋಗುವ ಕಾಲ ಬಂತು. ಹೊಸ ಶಾಲೆಯವರು ತಂದೆತಾಯಂದಿರನ್ನು ಒಂದು ಸಂಜೆ ಕರೆದರು. ನಾನು ನೋಟ್‌ಬುಕ್ಕು, ಎರಡು ಪೆನ್ನು ಹಿಡಿದು ಮುಂದಿನ ಸಾಲಿನಲ್ಲಿ ಕೂತೆ. ನಮ್ಮವರು ಹಿಂದೆ ಎಲ್ಲೋ ಬಿಸ್ಕತ್ತಿನ ಮೇಜಿನ ಬಳಿ ನೆಲೆಸಿದರು. ಮೊದಲ ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಟೀಚರ್ ಎದ್ದು ನಿಂತು, ಇಂಗ್ಲಿಷ್, ಐರಿಷ್, ಗಣಿತ ಮುಂತಾದವು ಎಲ್ಲರಿಗೂ ಕಡ್ಡಾಯ, ಅದರ ಮೇಲೆ ವುಡ್‌ವರ್ಕ್, ಅಡುಗೆ ಹೊಲಿಗೆ ಕಲಿಸುವ ಹೋಮ್ ಎಕನಾಮಿಕ್ಸ್, ಬಿಸಿನೆಸ್, ಆರ್ಟ್ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂದರು. ಇಷ್ಟದ ಕ್ರಮದಲ್ಲಿ ನಂಬರ್ ಹಾಕಿ ಕೊಡಿ, ಯಾವುದಕ್ಕಾದರೂ ಹೆಚ್ಚು ಮಂದಿ ಮುಗಿಬಿದ್ದರೆ ಕೆಲವರಿಗೆ ಎರಡನೆಯದು ಸಿಗುತ್ತದೆ, ಅಷ್ಟೇ ಎಂದರು. ನಾಲ್ಕನೇ ವರ್ಷ ಬೇಕೆಂದವರು ದೊಡ್ಡ ಪರೀಕ್ಷೆಯ ಕಾಟವಿಲ್ಲದೆ ನಾಟಕ, ಅಡುಗೆ, ಬೆಟ್ಟ ಹತ್ತುವುದು ಇತ್ಯಾದಿ ಮಾಡಬಹುದು ಎಂದರು. ನನ್ನ ಕೈಯಿಂದ ಪೆನ್ನು ಬಿತ್ತು. ಆಮೇಲೆ ಇದನ್ನು ಫೋನಿನಲ್ಲಿ ಉಡುಪಿಯಲ್ಲಿರುವ ಅಪ್ಪನಿಗೆ ವಿವರಿಸಿದಾಗ ಅವರು "ಅದು ಫೇಲ್ ಆದೋರಿಗಾ?" ಎಂದು ಮೆಲ್ಲಗೆ ಕೇಳಿದರು.

ಪ್ರಶ್ನೆಗಳಿವೆಯೇ ಎಂದಾಗ ಮೊದಲು ಎದ್ದ ಕೈ ನನ್ನದೇ. ಕೊನೆಯ ವರ್ಷದ ಲೀವಿಂಗ್ ಸರ್ಟ್ ಪರೀಕ್ಷೆಯ ಪಾಯಿಂಟ್ಸ್ ಮೇಲೆ ತಾನೇ ಇಲ್ಲಿ ಕಾಲೇಜು ಸಿಗುವುದು? ಹಾಗಾದರೆ ಮೆಡಿಸಿನ್‌ಗೆ ಹೋಗುವ ಮಗು ಈಗ ಬಿಸಿನೆಸ್ ತೆಗೆದುಕೊಂಡರೆ ಒಳ್ಳೆಯದೋ, ಆರ್ಟ್ ತೆಗೆದುಕೊಂಡರೆ ಒಳ್ಳೆಯದೋ? ಟೀಚರ್ ಕನ್ನಡಕದ ಮೇಲಿಂದ ನೋಡಿ ಮಗುವಿಗೆ ಎಷ್ಟು ವಯಸ್ಸು ಎಂದು ಕೇಳಿದರು. ಹನ್ನೆರಡು ಎಂದೆ. "ಆಹ್, ಶೀ ವಿಲ್ ಬಿ ಗ್ರ್ಯಾಂಡ್" ಎಂದರು. ಈ ದೇಶದಲ್ಲಿ ಗ್ರ್ಯಾಂಡ್ ಎನ್ನುವುದು ಎಲ್ಲ ಪ್ರಶ್ನೆಗೂ ಉತ್ತರ. ಮಳೆ ಬಂದರೂ ಗ್ರ್ಯಾಂಡ್, ಬಸ್ಸು ಬರದಿದ್ದರೂ ಗ್ರ್ಯಾಂಡ್. ಹಿಂದಿನಿಂದ ನಮ್ಮವರು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ತಲೆಯಾಡಿಸುತ್ತಿದ್ದರು.

ಮನೆಗೆ ಬಂದು ಮಗಳನ್ನು ಕೇಳಿದೆ. ಅವಳು ಹುಟ್ಟಿದ್ದು ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಡಬ್ಲಿನ್ನಿನ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಅಮ್ಮ ಎನ್ನುವ ಬದಲು ಇಲ್ಲಿಯ ಮಕ್ಕಳ ಹಾಗೆ ಮ್ಯಾಮ್ ಎನ್ನುತ್ತಾಳೆ.

"ಯಾವ್ದು ತಗೋತೀಯಾ ಪುಟ್ಟಿ?"

"ವುಡ್‌ವರ್ಕ್, ಮ್ಯಾಮ್."

"ಮರದ ಕೆಲ್ಸನಾ?"

"ಯೆಸ್, ಮ್ಯಾಮ್. ಮರದ್ದೇ."

ಇಂಗ್ಲಿಷಿನ ನಡುವೆ ಆ ಒಂದು ಕನ್ನಡದ ಪದ ಬಂದದ್ದನ್ನು ಅವತ್ತು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ. ನನ್ನ ತಲೆ ಆಗಲೇ ಮುಂದಿನ ಆರು ವರ್ಷಗಳಲ್ಲಿ ಓಡಾಡುತ್ತಿತ್ತು. ಬಡಗಿ ಕೆಲಸ ಕೀಳು ಎಂದಲ್ಲ. ನಮ್ಮ ಮನೆಯ ಅಡುಗೆ ಕಪಾಟಿನ ಬಾಗಿಲು ವರ್ಷವಿಡೀ ಜೋತುಬಿದ್ದಿತ್ತು, ಬಡಗಿಯ ಬೆಲೆ ನನಗೆ ಚೆನ್ನಾಗಿ ಗೊತ್ತು. ಆದರೆ ನನ್ನ ಯೋಜನೆಯಲ್ಲಿ ಬಿಸಿನೆಸ್ ಇತ್ತು. ಡಾಕ್ಟರಾದರೂ ಲೆಕ್ಕ ಗೊತ್ತಿರಬೇಕು, ಡಾಕ್ಟರಾಗದಿದ್ದರೆ ಲೆಕ್ಕವಾದರೂ ಗೊತ್ತಿರಬೇಕು.

ಸಲಹೆಗೆಂದು ಇದೇ ದೇಶದ ಲೆಟರ್‌ಕೆನ್ನಿಯಲ್ಲಿ ಡಾಕ್ಟರಾಗಿರುವ ನನ್ನ ದೊಡ್ಡಮ್ಮನ ಮಗ ರಘಣ್ಣನಿಗೆ ಫೋನ್ ಮಾಡಿದೆ. ಅಡುಗೆ ಮಾಡುತ್ತಾ ಮಾತಾಡುವುದು ನನ್ನ ರೂಢಿ. ಫೋನ್ ಒಗ್ಗರಣೆ ಡಬ್ಬಿಗೆ ಒರಗಿಸಿ, ಸ್ಪೀಕರ್ ಹಾಕಿ, ಎಕ್ಸಾಸ್ಟ್ ಫ್ಯಾನಿನ ಸದ್ದಿಗಿಂತ ಮೇಲಕ್ಕೆ ಧ್ವನಿ ಏರಿಸಿ ಮಾತಾಡುತ್ತೇನೆ. ಮಗಳು ಪಕ್ಕದಲ್ಲೇ ಮೇಜಿನ ಮುಂದೆ ಹೋಮ್‌ವರ್ಕ್ ಮಾಡುತ್ತಿದ್ದಳು. ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗುವಿಗೆ ಕನ್ನಡ ಕೇಳಿಸುವುದೇ ಇಲ್ಲ ಎಂಬುದು ಈ ದೇಶದ ಎಲ್ಲ ಕನ್ನಡ ತಾಯಂದಿರ ಗಟ್ಟಿ ನಂಬಿಕೆ.

"ರಘಣ್ಣ, ಬೇಡ ಅಂದ್ರೆ ಹಟ ಮಾಡ್ತಾಳೆ. ಏನ್ಮಾಡ್ಲಿ?"

"ನಮ್ ಸಿಇಟಿ ಕೌನ್ಸೆಲಿಂಗ್ ನೆನಪಿದೆಯಾ ನಿಂಗೆ? ಸಿಗದೇ ಇರೋದನ್ನ ಮೊದಲು ಹಾಕ್ಬೇಕು, ಬೇಕಾಗಿರೋದನ್ನ ಎರಡನೇದು ಹಾಕ್ಬೇಕು."

ನೆನಪಿರದೆ ಏನು! ಸೀಟು ಆರಿಸುವ ದಿನ ಅಪ್ಪ ನನ್ನ ಕಿವಿಯಲ್ಲಿ, ಪಕ್ಕದ ಕುರ್ಚಿಯವರಿಗೆ ನಮ್ಮ ಮೊದಲನೇ ಆಯ್ಕೆ ಯಾವುದೆಂದು ಗೊತ್ತಾಗಬಾರದು ಎಂದಿದ್ದರು. ಪಕ್ಕದ ಕುರ್ಚಿಯ ಅಪ್ಪನೂ ಮಗಳ ಕಿವಿಯಲ್ಲಿ ಅದನ್ನೇ ಹೇಳುತ್ತಿದ್ದರು. ಆ ವಿದ್ಯೆ ಅಷ್ಟು ಸುಲಭಕ್ಕೆ ಮರೆಯುತ್ತದೆಯೇ? ತಕ್ಷಣ ಯೋಜನೆ ಸಿದ್ಧವಾಯಿತು. ನಮ್ಮ ಹೌಸಿಂಗ್ ಎಸ್ಟೇಟಿನ ಹುಡುಗರೆಲ್ಲ ಸುತ್ತಿಗೆ ಗರಗಸ ಎಂದರೆ ಪ್ರಾಣ ಬಿಡುವವರು. ವುಡ್‌ವರ್ಕ್ ಖಂಡಿತ ತುಂಬಿಹೋಗುತ್ತದೆ. ನಾವೂ ಅದನ್ನೇ ಮೊದಲು ಹಾಕೋಣ. ಸಿಗುವುದಿಲ್ಲ. ಎರಡನೆಯದಾದ ಬಿಸಿನೆಸ್ ತಾನಾಗಿ ಬಂದು ಬೀಳುತ್ತದೆ. ಬೈಗುಳ ಶಾಲೆಗೆ, ಪ್ರೀತಿ ನನಗೆ.

"ಅಕಸ್ಮಾತ್ ಸಿಕ್ಬಿಟ್ರೆ?" ಎಂದು ನಮ್ಮವರು ಕೇಳಿದರು.

"ನೀವು ಸುಮ್ನಿರಿ. ಇದು ನನ್ನ ಫೀಲ್ಡು."

ಮಗಳ ಮುಂದೆಯೇ ವುಡ್‌ವರ್ಕ್ ಎದುರು ಒಂದು, ಬಿಸಿನೆಸ್ ಎದುರು ಎರಡು ಬರೆದೆ. ಅವಳು ಬಂದು ತಬ್ಬಿಕೊಂಡಳು. ಮುಖ ನನ್ನ ಹೆಗಲಲ್ಲಿತ್ತು, ಆದ್ದರಿಂದ ಅವಳು ನಗುತ್ತಿದ್ದಳೋ ಏನೋ ನನಗೆ ಕಾಣಲಿಲ್ಲ. ಸ್ವಲ್ಪ ಸಂಕಟವಾಯಿತು, ನಿಜ. ಆದರೆ ಒಳ್ಳೆಯ ಯೋಜನೆಯಲ್ಲಿ ಸ್ವಲ್ಪ ಸಂಕಟ ಇದ್ದೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಬೇಸಿಗೆ ರಜೆಗೆ ಮುಂಚೆ ಶಾಲೆಯಿಂದ ಉತ್ತರ ಬಂತು. ವುಡ್‌ವರ್ಕ್ ಸಿಕ್ಕಿತ್ತು! ಅಷ್ಟೇ ಅಲ್ಲ, ಅಲ್ಲಿ ಇನ್ನೂ ಜಾಗ ಉಳಿದಿದೆಯಂತೆ. ತುಂಬಿ ತುಳುಕಿದ್ದು ಹೋಮ್ ಎಕನಾಮಿಕ್ಸ್. ಪಕ್ಕದ ಮನೆಯ ಐರಿಷ್ ಹೆಂಗಸು ಶಿವಾನ್ ಬೇಲಿಯಾಚೆಯಿಂದ, ನಮ್ಮ ಹುಡುಗನಿಗೆ ಅದೇನೋ ಇದ್ದಕ್ಕಿದ್ದಂತೆ ಹೋಮ್ ಎಕನಾಮಿಕ್ಸ್ ಹುಚ್ಚು ಹಿಡಿದಿದೆ, ಅವನ ದೋಸ್ತಿಗಳೂ ಅದನ್ನೇ ಬರೆದಿದ್ದಾರೆ, ಕಾಲ ಎಷ್ಟು ಬದಲಾಗಿದೆ ನೋಡಿ ಎಂದು ಖುಷಿಪಟ್ಟರು. ಕಾಲ ಬದಲಾಗುವುದಕ್ಕೆ ಇದೇ ವರ್ಷ ಬೇಕಿತ್ತೇ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ. ನಮ್ಮವರು ಚಹಾ ಕುಡಿದರು. ಇಂಥ ಹೊತ್ತಿನಲ್ಲಿ ಅವರು ಚಹಾ ಕುಡಿಯುವ ರೀತಿಯೊಂದಿದೆ, ಅದನ್ನು ಸಹಿಸುವುದು ಕಷ್ಟ.

ಸೆಪ್ಟೆಂಬರ್ ಬಂತು, ಶಾಲೆ ಶುರುವಾಯಿತು. ಮಗಳು ಕೂದಲಲ್ಲಿ ಮರದ ಪುಡಿ ಹೊತ್ತು ಮನೆಗೆ ಬರತೊಡಗಿದಳು. ಸೋಫಾದ ಮೇಲೆಲ್ಲ ಪುಡಿ. ಆದರೆ ಮುಖದಲ್ಲಿ ಏನು ಕಳೆ! ಬೆಳಿಗ್ಗೆ ನಾನು ಕೂಗಿ ಎಬ್ಬಿಸಬೇಕಾಗಿದ್ದ ಹುಡುಗಿ ವುಡ್‌ವರ್ಕ್ ಇರುವ ದಿನ ತಾನೇ ಎದ್ದು ಕೂರುತ್ತಿದ್ದಳು. ಒಂದು ದಿನ ಕೀ ನೇತುಹಾಕುವ ಹಲಗೆಯೊಂದನ್ನು ಮಾಡಿ ತಂದಳು. ಕೊಂಚ ಸೊಟ್ಟ. ಬಾಗಿಲ ಪಕ್ಕ ಅದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ, ಕೀ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ನನಗೆ ಕಣ್ಣು ತುಂಬಿ ಬಂತು. ಜೋತುಬಿದ್ದ ಕಪಾಟಿನ ಬಾಗಿಲನ್ನೂ ಅವಳೇ ಸರಿಮಾಡಿದಳು.

ದೀಪಾವಳಿಗೆ ಕನ್ನಡದವರೆಲ್ಲ ಕಮ್ಯುನಿಟಿ ಸೆಂಟರಿನ ಹಾಲಿನಲ್ಲಿ ಸೇರಿದ್ದೆವು. ಮಂಗಳೂರಿನ ಫಿಲೋಮಿನಾ ನನ್ನನ್ನು ಹುಡುಕಿಕೊಂಡು ಬಂದಳು. ಅವಳ ಮಗ ಮುಂದಿನ ವರ್ಷ ಸೆಕೆಂಡರಿಗೆ.

"ನೀವು ವುಡ್‌ವರ್ಕ್ ಮೊದಲು ಹಾಕಿದ್ರಂತೆ? ಅನಘ ಎಲ್ರಿಗೂ ಹೇಳ್ತಾ ಇದ್ದಾಳೆ, ನಮ್ ಮ್ಯಾಮ್ ಥರ ಯಾರೂ ಇಲ್ಲ ಅಂತ. ಹೇಗೆ ಧೈರ್ಯ ಬಂತು ನಿಮ್ಗೆ?"

ಸುತ್ತ ನಾಲ್ಕು ಜನ ತಾಯಂದಿರು ಸೇರಿದರು. ಕೈಯಲ್ಲಿ ಹೋಳಿಗೆ, ಎದುರಿಗೆ ಕೇಳುವ ಕಿವಿಗಳು. ಇನ್ನೇನು ಬೇಕು? ಮಕ್ಕಳ ಆಸೆಗೆ ನಾವು ಅಡ್ಡ ಬರಬಾರದು, ಅವರ ಬದುಕನ್ನು ನಾವು ಪ್ಲಾನ್ ಮಾಡಬಾರದು ಎಂದು ಒಂದು ಭಾಷಣವನ್ನೇ ಬಿಗಿದೆ. ಫಿಲೋಮಿನಾ ಭಕ್ತಿಯಿಂದ ತಲೆದೂಗಿದಳು. ನಮ್ಮವರಿಗೆ ಎಲ್ಲಿಂದಲೋ ಕೆಮ್ಮು ಬಂತು, ನೀರು ಕುಡಿಯಲು ಹೋದವರು ಭಾಷಣ ಮುಗಿಯುವವರೆಗೆ ಬರಲಿಲ್ಲ.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳ ಧ್ವನಿ ಬಂತು. ಇಂಗ್ಲಿಷಿನಲ್ಲಲ್ಲ.

"ಅಮ್ಮ, ನೀನು ರಘು ಮಾಮನ ಹತ್ರ ತುಂಬಾ ಜೋರಾಗಿ ಮಾತಾಡ್ತೀಯ."

ನಾನು ಹಿಂದೆ ತಿರುಗಿ ನೋಡಿದೆ.

"ಸಿಗದೇ ಇರೋದನ್ನ ಮೊದಲು ಹಾಕ್ಬೇಕು ಅಂದ್ರಲ್ಲ ಮಾಮ. ನಂಗೆ ಭಯ ಆಯ್ತು. ಅದಕ್ಕೆ ಕ್ಲಾಸಲ್ಲಿ ಹುಡುಗ್ರಿಗೆಲ್ಲ ಹೇಳ್ದೆ, ಹೋಮ್ ಎಕನಾಮಿಕ್ಸ್‌ನಲ್ಲಿ ಪ್ರತಿ ವಾರ ಪಿಜ್ಜಾ ಮಾಡಿ ತಿನ್ನಿಸ್ತಾರೆ ಅಂತ."

"ತಿನ್ನಿಸ್ತಾರಾ?" ಎಂದರು ನಮ್ಮವರು, ಆಸೆಯಿಂದ.

"ಇಲ್ಲ ಅಪ್ಪ. ಪಾತ್ರೆ ತೊಳಿಸ್ತಾರಂತೆ. ಪಕ್ಕದ್ಮನೆಯವನು ನನ್ ಹತ್ರ ಮಾತು ಬಿಟ್ಟಿದ್ದಾನೆ."

ನಮ್ಮವರು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದರು. ನಕ್ಕೂ ನಕ್ಕೂ ಸ್ಟಿಯರಿಂಗ್ ಹಿಡಿಯಲು ಅವರಿಗೆ ಆಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡಕ್ಕಿಂತ ಹೆಚ್ಚಾಗಿ, ಹೇಳಿಕೊಳ್ಳಲಾರದಷ್ಟು ಹೆಮ್ಮೆಯಾಯಿತು. ಅಷ್ಟುದ್ದದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ಗೊತ್ತಿದ್ದೂ ಯಾಕೆ ಎಲ್ಲರ ಹತ್ರ ನನ್ನ ಹೊಗಳ್ದೆ?" ಎಂದು ಕೇಳಿದೆ. "ಹೊಗಳಿದ್ರೆ ನೆಕ್ಸ್ಟ್ ಟೈಮ್ ನೀನು ಬೇಡ ಅನ್ನೋಕಾಗಲ್ಲ" ಎಂದಳು. ನಾಲ್ಕನೇ ವರ್ಷದ ಬೆಟ್ಟ ಹತ್ತುವ ಕಾರ್ಯಕ್ರಮಕ್ಕೆ ತನ್ನ ಹೆಸರು ಈಗಲೇ ಗಟ್ಟಿಯಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ಗುಟ್ಟಿನ ಮಾತಿಗೆ ಕನ್ನಡ ನಿಷಿದ್ಧ. ನಾನು ಉಡುಪಿಯವಳಾದ್ದರಿಂದ ನನಗೆ ತುಳು ಬರುತ್ತದೆ, ಕುಂದಾಪುರದ ನಮ್ಮವರಿಗೆ ಬರುವುದಿಲ್ಲ. ಸರಿ, ಯೋಜನೆ ಹಾಕಿ ದಿನಾ ಸಂಜೆ ಅಡುಗೆಮನೆಯಲ್ಲಿ ಅವರಿಗೆ ಪಾಠ ಶುರುಮಾಡಿದ್ದೇನೆ. ಮಗಳು ಪಕ್ಕದಲ್ಲೇ ಮೇಜಿನ ಮುಂದೆ ಹೋಮ್‌ವರ್ಕ್ ಮಾಡುತ್ತಿರುತ್ತಾಳೆ. ನಿನ್ನೆ ನಮ್ಮವರು ಒಂದು ವಾಕ್ಯವನ್ನು ಹಿಂದುಮುಂದು ಮಾಡಿ ಹೇಳಿದಾಗ, ನಾನು ತಿದ್ದುವ ಮೊದಲೇ ಮೇಜಿನ ಕಡೆಯಿಂದ ಸಣ್ಣಗೆ ನಕ್ಕ ಸದ್ದು ಕೇಳಿಸಿತು.