ಪ್ರೀಮಿಯಂ ದನಿಯ ಪಿಕಪ್

ಓಕ್ಲಹೋಮದ ವರ್ಲಿನ್‌ಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪಿಕಪ್ಪಿನ ಮೇಲೆ ಸ್ವಲ್ಪ ಹೆಚ್ಚಿತ್ತು, ಅಷ್ಟೆ. ತಾನು ನಿನ್ನೆಯ ಬೀನ್ಸ್ ಬಿಸಿಮಾಡಿಕೊಂಡು ತಿಂದಾನು, ಗಾಡಿಗೆ ಮಾತ್ರ ದುಬಾರಿಯ ಪ್ರೀಮಿಯಂ ಪೆಟ್ರೋಲೇ ಆಗಬೇಕು. (ಸಾದಾ ಪೆಟ್ರೋಲ್ ಸಾಕೆಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲೇ ಇತ್ತು. ಆದರೆ ಪುಸ್ತಕ ನೋಡಿ ಗಾಡಿ ಸಾಕುವುದು ಹೇಡಿಗಳ ಕೆಲಸವೆಂದು ಅವನ ಸಿದ್ಧಾಂತ.) ಪ್ರತಿ ಶನಿವಾರ ಹೆಂಡತಿ ರೋಂಡಾ ಟ್ಯಾಂಕ್ ತುಂಬಿಸಿ ತರುತ್ತಿದ್ದಳು. ಅವನು ಕೀಲಿ ತಿರುಗಿಸಿ ಕಣ್ಣು ಮುಚ್ಚಿಕೊಂಡು, "ಕೇಳಿಸ್ತಾ? ಪ್ರೀಮಿಯಂ ದನಿ!" ಎನ್ನುತ್ತಿದ್ದ.

ಸರೋವರಕ್ಕೆ ದೋಣಿ ಒಯ್ಯುವ ದಿನ ಅತ್ತೆ ಯೂನಿಸ್ ತಮ್ಮ ತುಕ್ಕು ಹಿಡಿದ ಪಿಕಪ್ಪಿನಲ್ಲಿ ಬಂದಿಳಿದರು.

"ಅಳಿಯಂದ್ರೇ, ಗಾಡಿ ಕೆಮ್ತಾ ಇದೆಯಲ್ಲ. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ್ದೀರೋ ಇಲ್ವೋ?"

"ಪ್ರೀಮಿಯಂ ಕುಡಿಯೋ ಗಾಡಿಗೆ ಅದೆಲ್ಲ ಯಾಕತ್ತೆ? ಒಳಗಿನ ಕೊಳೇನೆಲ್ಲ ಅದೇ ತೊಳ್ಕೊಳ್ಳುತ್ತೆ. ಇವತ್ತು ಇದು ಕೈಕೊಟ್ರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪಾತ್ರೆ ಪೂರ್ತಿ ನಾನೇ ತಿಕ್ತೀನಿ!"

"ನಾನು ಸಾಕ್ಷಿ" ಎಂದಳು ರೋಂಡಾ, ತಡಮಾಡದೆ.

ಸಂಜೆ ನೀರಿನಿಂದ ದೋಣಿ ಎಳೆಯುವಾಗ ಪಿಕಪ್ ಇಳಿಜಾರಿನ ನಡುವೆ ಎರಡು ಸಲ ಬಿಕ್ಕಳಿಸಿ ನಿಂತೇಬಿಟ್ಟಿತು. ಹಿಂದೆ ದೋಣಿಗಳು ಸಾಲುಗಟ್ಟಿದವು. ಊರಿನ ಮುಕ್ಕಾಲು ಪಾಲು ಜನ ಬಿಯರ್ ಹಿಡಿದು ನೋಡುತ್ತಿದ್ದರು, ಉಪದೇಶವನ್ನೂ ಧಾರಾಳವಾಗಿ ಕೊಟ್ಟರು. ಕೊನೆಗೆ ಅತ್ತೆಯ ತುಕ್ಕು ಗಾಡಿಯೇ ಸರಪಳಿ ಹಾಕಿ ದೋಣಿ, ಪಿಕಪ್, ಅಳಿಯ ಮೂವರನ್ನೂ ಮನೆಗೆ ಎಳೆದು ತಂದಿತು. ದಾರಿಯುದ್ದಕ್ಕೂ ವರ್ಲಿನ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದ.

"ಪಂಪಿನವನು ಪ್ರೀಮಿಯಂಗೆ ಏನೋ ಬೆರೆಸಿದ್ದಾನೆ!" ಎಂದು ಅಂಗಳದಲ್ಲಿ ಗುಡುಗಿದ.

"ಪಾಪ, ಅವನನ್ನ ಯಾಕೆ ಬೈತೀಯ?" ಎಂದಳು ರೋಂಡಾ. "ಹೋದ ವರ್ಷದಿಂದ ನಾನು ಸಾದಾ ಪೆಟ್ರೋಲೇ ತುಂಬಿಸ್ತಿರೋದು."

"ನೋಡಿದ್ರಾ ಅತ್ತೆ! ಅದಕ್ಕೇ ನಿಂತಿದ್ದು!"

ಅತ್ತೆ ಗಾಡಿಯಡಿಯಿಂದ ತೆವಳಿಕೊಂಡು ಬಂದು, ಬಿಚ್ಚಿದ ಫಿಲ್ಟರನ್ನು ಅವನ ಅಂಗೈ ಮೇಲೆ ಬೋರಲು ಹಾಕಿದರು. ಕಾಡಿಗೆಯಂಥ ಕೆಸರು ಸುರಿಯಿತು. "ಗಂಟಲು ಕಟ್ಟಿಹೋಗಿರೋ ಮಗೂಗೆ ಹಾಲಾದ್ರೇನು, ಪಾಯಸ ಆದ್ರೇನು?" ಹೊಸ ಫಿಲ್ಟರ್ ಕೂರಿಸಿದ್ದೇ ತಡ, ಅದೇ ಸಾದಾ ಪೆಟ್ರೋಲಿಗೆ ಪಿಕಪ್ ಗುರುಗುಟ್ಟಿತು. ವರ್ಲಿನ್‌ಗೆ ಅಭ್ಯಾಸಬಲದಿಂದ ಕಣ್ಣು ಮುಚ್ಚಿಹೋಯಿತು.

ಹಬ್ಬದ ರಾತ್ರಿ ಟರ್ಕಿ ಕೋಳಿ ಹುರಿದ ಜಿಡ್ಡುಪಾತ್ರೆಗಳ ಗುಡ್ಡದ ಮುಂದೆ ಅವನು ಏಪ್ರನ್ ಕಟ್ಟಿ ನಿಂತ. ಅರ್ಧ ತಿಕ್ಕುವಷ್ಟರಲ್ಲಿ ಸಿಂಕಿನ ನೀರು ಇಳಿಯದೆ ಮೇಲೇರತೊಡಗಿತು. ತಳದ ಜಾಲರಿಯಲ್ಲಿ ಅನ್ನ, ಮಾಂಸ, ಬಟಾಣಿ ಎಲ್ಲ ಸೇರಿ ಮುದ್ದೆಯಾಗಿತ್ತು. ವರ್ಲಿನ್ ಅದರ ಕಡೆ ನೋಡಲೂ ಇಲ್ಲ. ಸೋಪಿನ ಬಾಟಲಿಯನ್ನು ದೀಪಕ್ಕೆ ಹಿಡಿದು, ಹೆಂಡತಿಯತ್ತ ತಿರುಗಿದ.

"ರೋಂಡಾ, ನಿಜ ಹೇಳು. ಇದಕ್ಕೂ ಅಗ್ಗದ್ದೇ ತುಂಬಿಸಿದ್ದೀಯಾ?"